ಬದುಕಿದ್ದ ನಜೀಬನಿಗೆ ಹೂವಿನ ಚಾದರ

ಗಂಗಾವತಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ ನಜೀಬ, ತಾನು ಸತ್ತ ಸುದ್ದಿಯನ್ನು ಒಂದು ಹಾಡಿನಲ್ಲಿ ಕೇಳಿದ. ಹತ್ತಿರದ ಮರಳಿ ಎಂಬ ಹಳ್ಳಿಯಿಂದ ಸುಟ್ಟ ಮೋಟರ್ ತಂದಿದ್ದ ರೈತನ ಮೊಬೈಲಿನಲ್ಲಿ ಅದು ಬರುತ್ತಿತ್ತು. ಹಾಡುತ್ತಿದ್ದವನು ಪಂಪಾಪತಿ, ಒಂದು ಕಾಲದ ಜೀವದ ಗೆಳೆಯ.

ಕಾಲೇಜಿನ ದಿನಗಳಲ್ಲಿ ಇಬ್ಬರೂ ಸೇರಿ ರಾಕ್ ಬ್ಯಾಂಡ್ ಕಟ್ಟಿದ್ದರು. ಹಾಡುವುದು ಪಂಪಾಪತಿ; ಗಿಟಾರು, ರಾಗ ಎಲ್ಲ ನಜೀಬನದು. ಅಪ್ಪ ಹಾಸಿಗೆ ಹಿಡಿದಾಗ ನಜೀಬ ಮೋಟರಿಗೆ ತಂತಿ ಸುತ್ತಲು ಕೂತ. ಪಂಪಾಪತಿ ಆ ರಾಗಗಳನ್ನು ಗಂಟು ಕಟ್ಟಿಕೊಂಡು ಮುಂಬೈಗೆ ಹೋದ, ದೊಡ್ಡ ಹೆಸರು ಮಾಡಿದ, ಹತ್ತಿದ ಏಣಿಯನ್ನೇ ಒದ್ದ. ಹಾಳಾಗಿ ಹೋಗಲಿ ಎಂದು ನಜೀಬ ಅದನ್ನೂ ನುಂಗಿಕೊಂಡಿದ್ದ.

ಈಗ ಆ ಪುಣ್ಯಾತ್ಮನಿಗೆ ತಲೆ ನರೆತು, ಕೀರ್ತಿ ಸಾಕಾಗಿ, ಊರು ನೆನಪಾಗಿತ್ತು. ‘ಎಡದಂಡೆ’ ಎಂಬ ಆಲ್ಬಮ್ ಮಾಡಿದ್ದ. ಅದರ ತುಂಬ ಊರಿನ ಎಡದಂಡೆ ಕಾಲುವೆ, ಭತ್ತದ ಗದ್ದೆ, ಹೆಸರು ಬಂದ ಮೇಲೆ ಕಳೆದುಹೋದ ಸುಖ. ಕೊನೆಯ ಹಾಡಿನ ರಾಗ ನಜೀಬನದೇ. ‘ನಜೀಬಾ, ನಿನ್ನ ಜನಾಜಾಕ್ಕೆ ಹೆಗಲು ಕೊಟ್ಟೆನೋ ಗೆಳೆಯಾ’ ಎಂಬ ಸಾಲು ಕೇಳಿ ಮಂದಿ ಅಳುತ್ತಿದ್ದರಂತೆ. ಆ ರಾಗ ಗೆಳೆಯನ ಗೋರಿಯ ಮುಂದೆ ತನಗೆ ಹೊಳೆಯಿತೆಂದು ಸಂದರ್ಶನದಲ್ಲೂ ಹೇಳಿದ್ದ. ಹೆಗಲು ಕೊಡುವುದಿರಲಿ, ನಜೀಬ ಸತ್ತನೆಂದು ಯಾರೋ ಹೇಳಿದ್ದನ್ನು ನಂಬಿದನೇ ಹೊರತು, ಹೌದೋ ಅಲ್ಲವೋ ಎಂದು ಒಂದು ಫೋನ್ ಮಾಡಿರಲಿಲ್ಲ.

ನಜೀಬನಿಗೆ ಮೈಯೆಲ್ಲ ಉರಿದುಹೋಯಿತು. ಪಂಪಾಪತಿ ಕೊಪ್ಪಳಕ್ಕೆ ಕಾರ್ಯಕ್ರಮ ಕೊಡಲು ಬರುತ್ತಾನೆಂದು ತಿಳಿದಾಗ ಹೆಂಡತಿ ಗುಲ್ಶನಳಿಂದ ಫೋನ್ ಮಾಡಿಸಿದ.

“ನಾ ನಿಮ್ಮ ನಜೀಬನ ಮನಿಯಾಕಿರಿ. ನಿಮ್ಮ ಹಾಡು ಕೇಳೇವಿ. ಮನಿಗೆ ಊಟಕ್ಕ ಬರ್ರಿ,” ಎಂದಳು ಗುಲ್ಶನ. ಒಂದಕ್ಷರ ಸುಳ್ಳಾಡಲಿಲ್ಲ.

ಪಂಪಾಪತಿ ಬಂದ. ಗೋರಿಗೆ ಹೊದಿಸಲು ಮಲ್ಲಿಗೆ ಹೂವಿನ ಚಾದರ ತಂದಿದ್ದ. ಅದನ್ನು ಲೈವ್ ತೋರಿಸಲು ಕ್ಯಾಮೆರಾದವರನ್ನೂ ತಂದಿದ್ದ. ಓಣಿ ಮಂದಿಯೆಲ್ಲ ನೆರೆದರು.

“ಗೋರಿ ಎಲ್ಲೈತಿ ತಂಗಿ?” ಎಂದು ಗುಲ್ಶನಳಿಗೆ ಮೆಲ್ಲಗೆ ಕೇಳಿ, ಕ್ಯಾಮೆರಾದ ಕಡೆ ತಿರುಗಿ ಕಣ್ಣೊರೆಸಿಕೊಂಡ.

ನಜೀಬ ಗಿಟಾರು ಹಿಡಿದು ಹೊಸ್ತಿಲು ದಾಟಿ ಬಂದ. “ಗೋರಿ ಇನ್ನೂ ತೋಡಿಲ್ಲಲೇ ಪಂಪಾ. ಹೊದಸೋದಿದ್ರ ಇಲ್ಲೇ ಹೊದಸು.”

ಪಂಪಾಪತಿಯ ಮುಖ ಸುಣ್ಣದಂತೆ ಬಿಳಿಚಿತು. “ಕ್ಯಾಮೆರಾ ಬಂದ್ ಮಾಡ್ರೋ!” ಎಂದು ಕೂಗಿದ. ಇಂಥ ತಮಾಷೆ ಸಿಕ್ಕಾಗ ಯಾರು ಬಂದ್ ಮಾಡುತ್ತಾರೆ? ಆಮೇಲೆ ನಜೀಬನ ಕಿವಿಯ ಹತ್ತಿರ ಬಂದು, “ತಪ್ಪಾತೋ ದೋಸ್ತ. ಒಳಗ ಕುಂತು ಮಾತಾಡೋಣು. ರಾಗಕ್ಕ ನಿನ್ನ ಹೆಸರು ಹಾಕಸ್ತೀನಿ,” ಎಂದ.

“ಹೆಸರು ಆಮ್ಯಾಲ. ನನಗ ಹೆಗಲು ಕೊಟ್ಟಿಯಲ್ಲ, ಆ ಸಾಲು ಮೊದಲ ಹಾಡು. ನನ್ನ ಮಾರಿ ನೋಡಿ ಹಾಡು.”

ನಜೀಬ ನುಡಿಸತೊಡಗಿದ. ಆ ಸಾಲು ಬಂದಾಗ ಪಂಪಾಪತಿ ಬಾಯಿ ತೆರೆದ, ದನಿ ಹೊರಡಲಿಲ್ಲ. ಓಣಿಯವರು ಕೇಕೆ ಹಾಕಿದರು. ಗುಲ್ಶನ ಸಾಕೆಂದು ಕಣ್ಸನ್ನೆ ಮಾಡಿದಳು. ನಜೀಬನಿಗೆ ಸಾಕಾಗಿರಲಿಲ್ಲ, ಇಷ್ಟು ವರ್ಷಗಳಲ್ಲಿ ಇಂಥ ಸುಖವನ್ನು ಅವನು ಕಂಡೇ ಇರಲಿಲ್ಲ.

“ಮತ್ತ ಹಾಡು,” ಎಂದು ರಾಗವನ್ನು ಮೊದಲಿನಿಂದ ಹಿಡಿದ.