ಅಣ್ಣನಿಗೆ ಕೊಡದ ಬನ್ನಿ

ನಾನು ಚಿಕ್ಕವನಿದ್ದಾಗ, ಅಂದರೆ ಸಂಪಗಾಂವದ ಶಾಲೆ ತಪ್ಪಿಸಿ ಗೋಲಿ ಆಡುವ ವಯಸ್ಸಿನಲ್ಲಿ, ನನಗೊಬ್ಬ ಅಣ್ಣ ಇದ್ದ. ಅಪ್ಪ ತೀರಿಕೊಂಡ ಮೇಲೆ ಅವನು ಬೈಲಹೊಂಗಲದ ಪೇಟೆಯಲ್ಲಿ ಹಮಾಲನಾಗಿ ಹತ್ತಿ, ಶೇಂಗಾ ಚೀಲ ಹೊತ್ತು ನಮ್ಮನ್ನು ಸಾಕಿದ. ಆಮೇಲೆ ಮಿಲಿಟರಿ ಸೇರಿದ. ರಜೆಗೆ ಬಂದಾಗ ಅವನ ಟ್ರಂಕಿನಿಂದ ಬೂಟ್ ಪಾಲಿಶಿನ ವಾಸನೆ ಮನೆಯೆಲ್ಲ ತುಂಬುತ್ತಿತ್ತು.

ಆ ವರ್ಷ ದಸರೆಗೆ ಬಂದವನು, ಶಾಲೆಗೆ ಸೂಟಿ ಬೀಳುವ ಮೊದಲೇ ನಾನು ಗೋಲಿ ಆಡುತ್ತಿದ್ದುದನ್ನು ಕಂಡುಬಿಟ್ಟ. ಗೆಳೆಯರೆದುರೇ ಕಿವಿ ಹಿಂಡಿ, "ನನ್ನಂಗ ಚೀಲ ಹೊರಬೇಕಂತ ಮಾಡೀಯೇನಲೇ?" ಎಂದು ಬೆನ್ನಿಗೊಂದು ಬಾರಿಸಿದ. ಗೆಳೆಯರು ನಕ್ಕರು. ಅವನೊಂದಿಗೆ ಮಾತು ಬಿಟ್ಟೆ.

ನಮ್ಮ ಕಡೆ ದಸರೆಯ ಸಂಜೆ ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗುತ್ತೇವೆ. ಕಿರಿಯರು ಹಿರಿಯರ ಕೈಗೆ ಎಲೆ ಕೊಟ್ಟು ಕಾಲು ಮುಟ್ಟಬೇಕು. ವರ್ಷವಿಡೀ ಮಾತು ಬಿಟ್ಟವರೂ ಅಂದು ಒಂದಾಗುತ್ತಾರೆ. ನಾನು ಓಣಿಗೆಲ್ಲ ಬನ್ನಿ ಕೊಟ್ಟು ಬಂದೆ. ಕಟ್ಟೆಯ ಮೇಲೆ ಹೊಸ ಅಂಗಿ ತೊಟ್ಟು ಅಣ್ಣ ಕಾಯುತ್ತಿದ್ದ. ಅವನನ್ನು ದಾಟಿ ಒಳಗೆ ಹೋದೆ.

"ಅಣ್ಣಗ ಬನ್ನಿ ಕೊಡೋ, ಹಟಮಾರಿ!" ಎಂದಳು ಅವ್ವ.

"ನಾ ಒಲ್ಲೆ."

ಅಣ್ಣ ನಕ್ಕ. "ಸಾಹೇಬ್ರಿಗೆ ಸಿಟ್ಟು ಬಂದೈತಿ, ಇರ್ಲಿ ಬಿಡವ್ವಾ. ಬರೋ ವರ್ಷ ಎರಡೂ ಕೂಡೇ ಇಸಕೋತೇನಿ."

ಮರುದಿನ ನಸುಕಿನಲ್ಲೇ ಅವನು ಹೊರಟ. ಕೌದಿ ಸರಿಸಿ ನನ್ನ ತಲೆ ಸವರಿದ. ಎಚ್ಚರವಿದ್ದರೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೆ. ಬಸ್ಸಿನ ಸದ್ದು ದೂರವಾದ ಮೇಲೆ ಊರ ಅಗಸೆ ಬಾಗಿಲವರೆಗೆ ಓಡಿದೆ. ಧೂಳಷ್ಟೇ ಇತ್ತು.

ಅದೇ ಚಳಿಗಾಲದಲ್ಲಿ ಯುದ್ಧವಾಯಿತು. ಅಣ್ಣ ಸತ್ತ. ಹೆಣವೂ ಬರಲಿಲ್ಲ, ಟ್ರಂಕು ಬಂತು. ಅವ್ವ ಹತ್ತಿ ಬಿಡಿಸಲು ಕೂಲಿಗೆ ಹೋದಳು. ಶಾಲೆ ಬಿಡಬೇಡವೆಂದು ಅವಳು ಕಾಲು ಹಿಡಿಯುವುದೊಂದು ಬಾಕಿ. ಆದರೂ ಬಿಟ್ಟೆ. ಅದೇ ಪೇಟೆಯಲ್ಲಿ, ಅಣ್ಣ ಬೇಡವೆಂದ ಚೀಲಗಳನ್ನೇ ಜೀವನವಿಡೀ ಹೊತ್ತೆ. ಅವನು ತಲೆ ಸವರಿದಾಗ ನನಗೆ ಎಚ್ಚರವಿತ್ತೆಂದು ಅವ್ವನಿಗೆ ಕೊನೆಯವರೆಗೂ ಹೇಳಲಿಲ್ಲ.

ಮಕ್ಕಳೇ, ನೀವು ಮುಂಜಾನೆ ಜಗಳವಾಡಿ, ಮಧ್ಯಾಹ್ನದೊಳಗೆ ಒಂದೇ ಮೊಬೈಲಿಗೆ ತಲೆ ಹಚ್ಚಿ ಕೂರುತ್ತೀರಿ. ನೋಡಲು ಖುಷಿಯಾಗುತ್ತದೆ. ಪಕ್ಕದ ಮನೆಯ ಸೈನಿಕ ಹುಡುಗ ಗಡಿಯಿಂದಲೇ ಮುಖ ತೋರಿಸಿ ಮಾತಾಡುತ್ತಾನೆ. "ಯಾವಾಗ ಬರ್ತೀಯೋ ಅಣ್ಣಾ?" ಎಂದು ಅವನ ತಮ್ಮ ಕೂಗುವುದು ನನಗೂ ಕೇಳಿಸುತ್ತದೆ. ಆಗ ನಾನು ಸುಮ್ಮನೆ ಎದ್ದು ಒಳಗೆ ಹೋಗುತ್ತೇನೆ. ಅಜ್ಜನಿಗೆ ಏನಾಯಿತೆಂದು ನೀವು ಕೇಳುತ್ತಿದ್ದಿರಲ್ಲ, ಇಷ್ಟೇ ಆದದ್ದು.