ಅರವತ್ನಾಲ್ಕು ಯಂತ್ರಗಳನ್ನು ಮಾತಿಗೆಳೆಯುವ ಲ್ಯಾಬಕ್ಕ

ಬೆಳಿಗ್ಗೆ ಆರೂ ಮುಕ್ಕಾಲು. ಕಾಲೇಜಿನ ಮೂರನೇ ಮಹಡಿಯ ಕಂಪ್ಯೂಟರ್ ಲ್ಯಾಬಿನಲ್ಲಿ ಟ್ಯೂಬ್‌ಲೈಟುಗಳು ಒಂದೊಂದಾಗಿ ಕಣ್ಣು ಪಿಳುಕಿಸುತ್ತಿವೆ. ಐವತ್ತೆರಡರ ಹೆಂಗಸೊಬ್ಬರು ಚಪ್ಪಲಿಯನ್ನು ಬಾಗಿಲ ಬಳಿ ಬಿಟ್ಟು, ಕನ್ನಡಕ ಏರಿಸಿಕೊಂಡು, ಮೊದಲ ಯಂತ್ರದ ಮುಂದೆ ಕೂರುತ್ತಾರೆ. ನಿನ್ನೆ ಯಾರೋ ಪರದೆಯ ಮೇಲೆ ತೆರೆದಿಟ್ಟು ಹೋದ ವಿಂಡೋ ಮುಚ್ಚುತ್ತಾರೆ, ಹೊಸದೊಂದು ತೆರೆಯುತ್ತಾರೆ. ಎರಡಕ್ಕೆ ಮೂರು ಕೂಡಿಸಿದರೆ ಎಷ್ಟು ಎಂದು ಟೈಪ್ ಮಾಡುತ್ತಾರೆ. ಐದು ಎನ್ನುತ್ತದೆ ಪರದೆ. “ಹೂಂ, ಜಾಣ” ಎಂದು ಎದ್ದು ಪಕ್ಕದ ಕುರ್ಚಿಗೆ ಹೋಗುತ್ತಾರೆ. ಅಲ್ಲೂ ಅದೇ ಪ್ರಶ್ನೆ, ಅದೇ ಶಹಬ್ಬಾಸ್‌ಗಿರಿ.

ಹೀಗೆ ಅರವತ್ನಾಲ್ಕು ಸಲ. “ಅಷ್ಟೂ ಐದು ಎಣಿಸಿದ ಮೇಲೇನೇ ನಂಗೆ ಕಾಫಿ ಇಳಿಯೋದು” ಎನ್ನುತ್ತಾರೆ ಇಲ್ಲಿನ ಲ್ಯಾಬ್ ಸಹಾಯಕಿ. ವಿದ್ಯಾರ್ಥಿಗಳಿಗೂ ಮೇಷ್ಟ್ರುಗಳಿಗೂ ಇವರು ಲ್ಯಾಬಕ್ಕ. ಇಬ್ಬರು ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಶಾಲೆಗೆ ಹೊರಡಿಸಲು ಹೆಣಗುವವರಿಗೆ, ಅರವತ್ನಾಲ್ಕನ್ನು ಒಂಬತ್ತು ಗಂಟೆಯೊಳಗೆ ಎಬ್ಬಿಸಿ ಬಾಯಿ ಬಿಡಿಸುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಕಲಿಸುವುದು ಕಂಪೈಲರ್ ಕಟ್ಟುವುದನ್ನು; ಅಂದರೆ ಮನುಷ್ಯ ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ಅರ್ಥವಾಗುವಂತೆ ತಿರುಗಿಸಿಕೊಡುವ ಸಾಫ್ಟ್‌ವೇರನ್ನು. ಅದರ ಅಭ್ಯಾಸಕ್ಕೆ, ಒಂದು ಸಾಲು ಬರೆದ ಕೂಡಲೇ ಉತ್ತರ ಕೊಡುವ ಸಂವಾದದ ವಿಂಡೋ ಒಂದು ಬೇಕು. ಎರಡಕ್ಕೂ ಇರುವ ವ್ಯತ್ಯಾಸವನ್ನು ಪಠ್ಯಪುಸ್ತಕ ನಾಲ್ಕು ಪುಟ ವಿವರಿಸುತ್ತದೆ. ಲ್ಯಾಬಕ್ಕನಿಗೆ ಅಷ್ಟು ಪುರುಸೊತ್ತಿಲ್ಲ.

“ಕಂಪೈಲರ್ ನಮ್ಮ ಯಜಮಾನ್ರ ಥರ. ಪೂರ್ತಿ ಕೇಳಿಸ್ಕೊಂಡು ಕೊನೇಲಿ ನಲವತ್ತು ತಪ್ಪು ತೆಗೆಯುತ್ತೆ. ಈ ವಿಂಡೋ ಇದೆಯಲ್ಲ, ಇದು ನಮ್ಮತ್ತೆ. ಒಂದು ಮಾತಾಡಿದ್ರೆ ಸಾಕು, ಅಲ್ಲೇ ಉತ್ತರ ರೆಡಿ. ಹಿಂದೆ ಹೇಳಿದ್ದು ಒಂದಕ್ಷರಾನೂ ಮರೆಯಲ್ಲ ಬೇರೆ.”

ಹದಿನೈದು ವರ್ಷದ ಹಿಂದೆ ಇವರು ಸೇರಿದ್ದು ಕಸ ಗುಡಿಸಲು ಮತ್ತು ಬೀಗದ ಕೈ ಕಾಯಲು. ಸಾಫ್ಟ್‌ವೇರ್ ಹಾಕುತ್ತಿದ್ದ ತಂತ್ರಜ್ಞ ನಾಲ್ಕು ವರ್ಷದ ಹಿಂದೆ ಕೆಲಸ ಬಿಟ್ಟ. ಆ ಜಾಗಕ್ಕೆ ಯಾರೂ ಬರಲಿಲ್ಲ. ತರಗತಿ ಮಾತ್ರ ಬಂದೇ ಬಂತು. ಜ್ವರದಿಂದ ಮಲಗಿದ್ದ ಕಂಪೈಲರ್ ಮೇಷ್ಟ್ರು ಫೋನಿನಲ್ಲಿ ಒಂದೊಂದೇ ಹೆಜ್ಜೆ ಹೇಳಿದರು, ಇವರು ಒಂದೊಂದೇ ಗುಂಡಿ ಒತ್ತಿದರು. ಮೊದಲ ದಿನ ಮೂವತ್ಮೂರು ಯಂತ್ರ ಮುಗಿಯಿತು. ಮಾರನೆಯ ದಿನ ಉಳಿದವಕ್ಕೆ ಹಾಕಿದರು. ಆ ಒಂದು ರಾತ್ರಿಯಲ್ಲೇ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಿದ್ದು ಮೇಷ್ಟ್ರಿಗೂ ತಿಳಿಯಲಿಲ್ಲ, ಇವರಿಗೂ ತಿಳಿಯಲಿಲ್ಲ. ಕಿಟಕಿ ಪಕ್ಕದವರ ಪ್ರೋಗ್ರಾಮ್ ಬಾಗಿಲ ಪಕ್ಕ ನಡೆಯದು, ಬಾಗಿಲಿನವರದು ಕಿಟಕಿಯ ಕಡೆ ನಡೆಯದು. ಎರಡು ವಾರ ಅಣ್ಣತಮ್ಮಂದಿರ ಜಗಳ, ದೂರಿನ ಕಾಗದಗಳಲ್ಲೆಲ್ಲ ಇವರದೇ ಹೆಸರು. ಕೊನೆಗೆ ಅರವತ್ನಾಲ್ಕನ್ನೂ ತೊಳೆದು ಮತ್ತೆ ಮೊದಲಿನಿಂದ ಹಾಕಿದರು.

ಈಗ ಪ್ರತಿ ಸೆಮಿಸ್ಟರಿನ ಆರಂಭದಲ್ಲಿ ಒಂಬತ್ತು ದಿನ ಅವರದೇ ಯಜ್ಞ. ಒಂದು ಯಂತ್ರಕ್ಕೆ ಹನ್ನೊಂದು ಹೆಜ್ಜೆ. ಏಳನೆಯದರಲ್ಲಿ ಎಲ್ಲರೂ ಮುಗ್ಗರಿಸುತ್ತಾರಂತೆ. “ಸಾಫ್ಟ್‌ವೇರ್ ಹಾಕಿದ್ರೆ ಸಾಲ್ದು. ಅದು ಎಲ್ಲಿ ಕೂತಿದೆ ಅಂತ ಮೆಷಿನ್‌ಗೆ ವಿಳಾಸ ಕೊಡ್ಬೇಕು. ಕೊಡ್ಲಿಲ್ವೋ, ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕುತ್ತೆ.” ಕೂತು ಏಳುವುದರಲ್ಲಿ ಎರಡೂ ಮಂಡಿ ಸವೆದಿವೆ. ಮನೆಯಲ್ಲಿ ಅತ್ತೆ ಮಾತ್ರ ಇಂದಿಗೂ ಕೇಳುತ್ತಾರೆ: “ಹದಿನೈದು ವರ್ಷದಿಂದ ಒರೆಸ್ತಿದ್ದೀಯಲ್ಲೇ, ಆ ಕಂಪ್ಯೂಟರ್‌ಗಳ ಧೂಳು ಇನ್ನೂ ಹೋಗಿಲ್ವಾ?”

ಇವರ ಬಗ್ಗೆ ಬರೆಯಲೆಂದು ನಾನು ಹೋದ ದಿನ ಧೂಳಿಗಿಂತ ದೊಡ್ಡ ಚಿಂತೆ ಕಾದಿದೆ. ಹತ್ತು ಗಂಟೆಗೆ ಹೊರಗಿನಿಂದ ಪರೀಕ್ಷಕಿಯೊಬ್ಬರು ಬರುತ್ತಾರೆ. ಮಕ್ಕಳು ಕಟ್ಟಿದ ಕಂಪೈಲರ್‌ಗಳನ್ನು ನೋಡಿ, ಈ ಪಾಠ ಮುಂದುವರಿಯಬೇಕೋ ಬೇಡವೋ ಎಂದು ಅವರು ಬರೆಯಬೇಕು. ಬೇಡವೆಂದರೆ ಲ್ಯಾಬು ಮುರುಕು ಬೆಂಚುಗಳ ಗೋದಾಮು, ಲ್ಯಾಬಕ್ಕ ಕೆಳಮಹಡಿಯ ಕಡತದ ಕೋಣೆಗೆ. “ಅಲ್ಲಿ ಕೆಲಸ ಕಡಿಮೆ. ಆದ್ರೆ ಕಡತ ಏನ್ ಕೇಳಿದ್ರೂ ಉತ್ತರ ಕೊಡಲ್ಲ ನೋಡಿ” ಎಂದು ನಗುತ್ತಾರೆ. ಆದರೆ ಆ ನಗು ತುಟಿ ದಾಟುವುದಿಲ್ಲ.

ಏಳೂವರೆಗೆ ಅರವತ್ಮೂರು ಯಂತ್ರಗಳು ಐದು ಎಂದಿವೆ. ಉಳಿದದ್ದು ಮೇಷ್ಟ್ರ ಯಂತ್ರ. ಅದರ ನೆತ್ತಿಗೆ ಕೆಂಪು ಚೀಟಿ: ‘ದಯವಿಟ್ಟು ಮುಚ್ಚಬೇಡಿ.’ ಹನ್ನೊಂದು ದಿನದಿಂದ ಅದರ ವಿಂಡೋ ತೆರೆದೇ ಇದೆ. ಮಕ್ಕಳ ಕೆಲಸಕ್ಕೆಲ್ಲ ತಳಪಾಯವಾದ ಮೇಷ್ಟ್ರ ಪ್ರೋಗ್ರಾಮ್ ಅದರಲ್ಲಿ ಸೊಗಸಾಗಿ ಓಡುತ್ತಿದೆ. ಅದನ್ನೇ ಇವತ್ತು ಎಲ್ಲ ಯಂತ್ರಗಳಿಗೂ ಹಂಚಬೇಕು.

ಲ್ಯಾಬಕ್ಕ ಚೀಟಿಯ ಮಾತು ಮೀರುವುದಿಲ್ಲ. ಹಳೆಯದನ್ನು ಮುಟ್ಟದೆ ಪಕ್ಕದಲ್ಲೇ ಹೊಸ ವಿಂಡೋ ತೆರೆದು, ಮೇಷ್ಟ್ರ ಪ್ರೋಗ್ರಾಮನ್ನು ಅದರಲ್ಲಿ ಓಡಿಸುತ್ತಾರೆ. ಮೂರನೇ ಸಾಲಿಗೇ ಕೆಂಪು ಅಕ್ಷರ: ‘ಈ ಹೆಸರು ನನಗೆ ಗೊತ್ತಿಲ್ಲ.’

ಎಂಟಕ್ಕೆ ಮೇಷ್ಟ್ರು ಬರುತ್ತಾರೆ, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಆತ್ಮವಿಶ್ವಾಸ.

“ಸರ್, ನಿಮ್ಮ ಪ್ರೋಗ್ರಾಮ್ ಓಡ್ತಿಲ್ಲ.”

“ಓಡ್ತಿದೆಯಲ್ಲಮ್ಮಾ! ನೋಡಿ ಇಲ್ಲಿ, ಕುದುರೆ ಥರ.”

“ಆ ಕುದುರೆ ಈ ಲಾಯ ಬಿಟ್ಟು ಆಚೆ ಬರ್ತಿಲ್ಲ ಸರ್. ಹೊಸ ವಿಂಡೋಲಿ ನೋಡಿ.”

ಮೇಷ್ಟ್ರು ನೋಡುತ್ತಾರೆ. ಇನ್ನೊಮ್ಮೆ ಓಡಿಸುತ್ತಾರೆ. ಕೀಬೋರ್ಡನ್ನು ಸಂಶಯದಿಂದ ಅಲುಗಿಸುತ್ತಾರೆ. “ನೀವೇನಾದ್ರೂ ಮುಟ್ಟಿದ್ರಾ?”

“ನಾನು ಮುಟ್ಟಿಲ್ಲ ಸರ್. ಆ ಹೆಸರಿನ ತುಂಡನ್ನ ನೀವೇ ಅಳಿಸಿರ್ತೀರಿ. ಫೈಲಿಂದ ಅಳಿಸಿದ್ರೂ ಹಳೇ ವಿಂಡೋಗೆ ನೆನಪಿರುತ್ತಲ್ಲ. ಮಕ್ಕಳು ವಾರಕ್ಕೆ ಮೂರು ಸಲ ಇದೇ ತಪ್ಪು ಮಾಡ್ತಾರೆ. ಅವ್ರಿಗೆ ನೀವು ಬೈತೀರಿ.”

ಮೇಷ್ಟ್ರ ಕಿವಿ ಕೆಂಪಾಗುತ್ತದೆ. ಕಳೆದ ವಾರ ಪ್ರೋಗ್ರಾಮಿನ ಫೈಲನ್ನು ಚೊಕ್ಕ ಮಾಡುವ ಉಮೇದಿನಲ್ಲಿ ಒಂದು ತುಂಡನ್ನು ಕಸವೆಂದು ಕಿತ್ತದ್ದು ನೆನಪಾಗಿದೆ. ಅದರಲ್ಲೇನಿತ್ತು ಎಂಬುದು ಮಾತ್ರ ನೆನಪಿಲ್ಲ. “ಅಯ್ಯೋ, ಅದನ್ನ ಮತ್ತೆ ಬರೆಯೋಕೆ ಅರ್ಧ ದಿನ ಬೇಕಲ್ರೀ!”

ಲ್ಯಾಬಕ್ಕ ಹಳೆಯ ವಿಂಡೋದಲ್ಲಿ ಮೇಲ್ಮುಖದ ಬಾಣದ ಗುಂಡಿ ಒತ್ತತೊಡಗುತ್ತಾರೆ. ಒಂದು ಒತ್ತಿಗೆ ಹಿಂದೆ ಬರೆದ ಒಂದೊಂದು ತುಂಡು ಮರಳಿ ಬರುತ್ತದೆ. ಹನ್ನೊಂದು ದಿನದ ಮೇಷ್ಟ್ರ ಮನಸ್ಸು ಹಿಮ್ಮುಖವಾಗಿ ಪರದೆಯ ಮೇಲೆ ಮೆರವಣಿಗೆ ಹೊರಡುತ್ತದೆ: ತಪ್ಪು, ಅದರ ತಿದ್ದುಪಡಿ, ತಿದ್ದುಪಡಿಯ ತಪ್ಪು, ನಡುವೆ ಒಂದೆಡೆ, ಯಂತ್ರಕ್ಕೆ ಬೈದ ಸಾಲೊಂದು.

“ಅದನ್ನ ನೋಡ್ಬೇಡಿ” ಎನ್ನುತ್ತಾರೆ ಮೇಷ್ಟ್ರು.

“ನಾನೇನೂ ನೋಡಿಲ್ಲ ಸರ್” ಎಂದು ಲ್ಯಾಬಕ್ಕ ಬಾಣ ಒತ್ತುತ್ತಲೇ ಇರುತ್ತಾರೆ. ನಾನು ಎಣಿಸುತ್ತಿದ್ದೇನೆ. ಇನ್ನೂರ ಹದಿನಾರನೆಯ ಒತ್ತಿಗೆ ಕಳೆದುಹೋದ ತುಂಡು ಎದ್ದು ಬರುತ್ತದೆ. ಮೇಷ್ಟ್ರು ಅದನ್ನು ಫೈಲಿಗೆ ಸೇರಿಸುತ್ತಾರೆ. ಹೊಸ ವಿಂಡೋ, ಮತ್ತೊಮ್ಮೆ. ಓಡಿತು! ಮೇಷ್ಟ್ರು ತಮ್ಮ ಕೈಯಾರೆ ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡು, ಹಳೆಯ ವಿಂಡೋ ಮುಚ್ಚುತ್ತಾರೆ. ಒಂಬತ್ತೂವರೆಯೊಳಗೆ ಲ್ಯಾಬಕ್ಕ ಆ ಪ್ರೋಗ್ರಾಮನ್ನು ಎಲ್ಲ ಯಂತ್ರಗಳಿಗೂ ಹಂಚಿ ಮುಗಿಸುತ್ತಾರೆ.

ಹತ್ತಕ್ಕೆ ಬಂದ ಪರೀಕ್ಷಕಿ ಅಲಂಕರಿಸಿಟ್ಟ ಮೇಷ್ಟ್ರ ಯಂತ್ರದತ್ತ ತಿರುಗಿಯೂ ನೋಡುವುದಿಲ್ಲ. ಬಾಗಿಲ ಬಳಿಯ, ಯಾರೂ ಇಷ್ಟಪಡದ, ಕುರ್ಚಿ ಕುಂಟುವ ಯಂತ್ರದ ಮುಂದೆ ಕೂರುತ್ತಾರೆ. “ನಾನು ಹೊಸ ವಿಂಡೋಲೇ ನೋಡೋದು. ಹಳೇದನ್ನ ನಂಬಲ್ಲ” ಎನ್ನುತ್ತಾರೆ. ಮೇಷ್ಟ್ರು ಗೋಡೆ ಹಿಡಿದು ನಿಲ್ಲುತ್ತಾರೆ. ಲ್ಯಾಬಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಾರೆ. ಮೇಷ್ಟ್ರ ಪ್ರೋಗ್ರಾಮ್ ಓಡುತ್ತದೆ. ಅದರ ಮೇಲೆ ಕಟ್ಟಿದ ಒಬ್ಬ ವಿದ್ಯಾರ್ಥಿನಿಯ ಕಂಪೈಲರ್ ಓಡುತ್ತದೆ. ಇನ್ನೊಬ್ಬ ಹುಡುಗನದು ಮುಗ್ಗರಿಸುತ್ತದೆ, ಆದರೆ ಅದು ಅವನದೇ ತಪ್ಪು, ನ್ಯಾಯವಾಗಿ ಗಳಿಸಿದ್ದು.

ವಾರದ ನಂತರ ವರದಿ ಬಂದಿದೆ. ಪಾಠ ಇನ್ನೆರಡು ವರ್ಷ ಮುಂದುವರಿಯಲಿ ಎಂದಿದೆ. ಮೇಷ್ಟ್ರ ಬೋಧನೆಗೆ ಒಂದು ಪುಟ, ಮಕ್ಕಳ ಶ್ರಮಕ್ಕೆ ಅರ್ಧ ಪುಟ. ಕೊನೆಯಲ್ಲಿ ಒಂದೇ ಸಾಲು: ‘ಯಂತ್ರಗಳು ಸುಸ್ಥಿತಿಯಲ್ಲಿದ್ದವು.’ ನಾನು ಆ ಸಾಲನ್ನು ತೋರಿಸಿ, “ನಿಮ್ಮ ಹೆಸರೇ ಇಲ್ಲವಲ್ಲ?” ಎನ್ನುತ್ತೇನೆ.

ಲ್ಯಾಬಕ್ಕ ಕನ್ನಡಕದ ಮೇಲಿಂದ ನನ್ನನ್ನು ನೋಡುತ್ತಾರೆ. ಏಳನೇ ಹೆಜ್ಜೆಯಲ್ಲಿ ಮುಗ್ಗರಿಸಿದವರನ್ನು ನೋಡುವ ಹಾಗೆ.

“ಲ್ಯಾಬಲ್ಲಿ ಏನಾದ್ರೂ ಕೆಟ್ಟಾಗ ಮಾತ್ರ ನಮ್ಮಂಥವರ ಹೆಸರು ಬರೆಯೋದು ಕಣ್ರೀ. ಮೂರೂವರೆ ವರ್ಷ ಆಯ್ತು, ಯಾವ ಕಾಗದದಲ್ಲೂ ನನ್ನ ಹೆಸರು ಬಂದಿಲ್ಲ.”