ರೊಟ್ಟಿ ಬಡಿಯುವ ಸದ್ದು

ಅಕ್ಷತಾ, ಶರಣು, ನಿನ್ನೆ ನೀವಿಬ್ಬರೂ ನಿಮ್ಮ ಅವ್ವನ ಫೋನಿನಲ್ಲಿ ಒಂದು ಹಳೆಯ ಸದ್ದು ಹಚ್ಚಿಕೊಂಡು ಬಿದ್ದು ಬಿದ್ದು ನಕ್ಕಿರಿ. "ಅಜ್ಜಿ, ಇದ್ಯಾರು ಇಷ್ಟೊತ್ತು ಚಪ್ಪಾಳಿ ಹೊಡ್ಯಾಕತ್ತಾರ?" ಎಂದು ಕೇಳಿದಿರಿ. ನಾನು ಸೆರಗು ಬಾಯಿಗೆ ಹಿಡಿದು ಒಳಗೆ ಹೋದೆ. ಎದುರಿಗೆ ಹೇಳಲು ನನಗೆ ಬರುವುದಿಲ್ಲ. ಗುಂಜಹಳ್ಳಿಯ ಸಾಲೆಯಲ್ಲಿ ಮಾಸ್ತರರು ಹೆಸರು ಕೂಗಿದರೂ ಓಗೊಡದೆ, ಎದುರಿಗೇ ಕೂತು ಗೈರುಹಾಜರಿ ಹಾಕಿಸಿಕೊಂಡವಳು ನಾನು. ಬರೆಯುವುದಾದರೆ ಸ್ವಲ್ಪ ಧೈರ್ಯ. ಅದು ಚಪ್ಪಾಳೆಯಲ್ಲ, ನಾನು ರೊಟ್ಟಿ ಬಡಿಯುವ ಸದ್ದು.

ಆಗ ನಮ್ಮ ಮನೆ ಮಾನವಿಯಲ್ಲಿತ್ತು. ನಿಮ್ಮ ಅಜ್ಜ ಅಕ್ಕಿ ಮಿಲ್ಲಿನ ಅಂಗಳದಲ್ಲಿ ಭತ್ತ ಒಣಗಿಸುವ ಕೆಲಸದವರು. ಹರವಿದ ಭತ್ತದೊಳಗೆ ಬರಿಗಾಲಲ್ಲಿ ಕಾಲೆಳೆಯುತ್ತ ನಡೆದು ಸಾಲು ಮಾಡಬೇಕು, ತಿರುಗಿ ಬಂದು ಆ ಸಾಲು ಕೆಡಿಸಿ ಇನ್ನೊಂದು ಸಾಲು ಮಾಡಬೇಕು. ಬೇಸಿಗೆಯಲ್ಲಿ ಆ ಅಂಗಳ ಕಾಲಿಡಲಾಗದಷ್ಟು ಕಾಯುತ್ತಿತ್ತು. ಅವರು ಮಾತ್ರ ಮನೆಯೊಳಗೆ ಅಡ್ಡಾಡಿದ ಹಾಗೆ ಅಡ್ಡಾಡುತ್ತಿದ್ದರು. ಬುತ್ತಿ ಕೊಡಲು ಹೋದಾಗ ನಾಲ್ಕು ಜನರೆದುರು ಅವರ ಮುಖ ನೋಡಲು ನನಗೆ ನಾಚಿಕೆ. ಕಾಲುಗಳನ್ನೇ ನೋಡುತ್ತ ನಿಲ್ಲುತ್ತಿದ್ದೆ. ಹಾಗಾಗಿ ಆ ಕಾಲುಗಳ ಗುರುತು ನನಗೆ ಮುಖಕ್ಕಿಂತ ಹೆಚ್ಚು.

ಅಂಥ ಕಾಲುಗಳೇ ಹೊಸ್ತಿಲ ಬಳಿ ನಿಲ್ಲತೊಡಗಿದವು. ಮೊದಲು ಕೈ ನಡುಗಿತು, ಆಮೇಲೆ ಹೆಜ್ಜೆ ಸಣ್ಣದಾಯಿತು, ಕಡೆಗೆ ಬಾಗಿಲು ಬಂದ ಕೂಡಲೆ ಅಂಟು ಹಾಕಿದಂತೆ ನಿಂತುಬಿಡುವುದು. "ನೆಲ ನನ್ನ ಹಿಡ್ಕೊಂಡದ ಬೇ" ಎನ್ನುವರು. ನಾನು ಕೈ ಹಿಡಿದು ಎಳೆದರೆ ಕಾಲು ಅಲ್ಲೇ ಉಳಿದು ಮೈಯಷ್ಟೇ ಮುಂದೆ ಬಂದು ಇಬ್ಬರೂ ಬೀಳುವ ಹಾಗಾಗುತ್ತಿತ್ತು. ಈ ರೋಗಕ್ಕೆ ಪಾರ್ಕಿನ್ಸನ್ ಎನ್ನುತ್ತಾರೆಂದು ನನಗೆ ತಿಳಿಸಿದವಳು ಮಗಳು ಗಿರಿಜಾ, ಅಂದರೆ ನಿಮ್ಮ ಅವ್ವ.

ಅವಳು ಆಗ ರಾಯಚೂರಿನಲ್ಲಿ ಡಾಕ್ಟರಿಕೆ ಓದುತ್ತಿದ್ದಳು. ಅದು ಸಾಲದೆಂದು ಸಂಜೆ ಹೊತ್ತು ಮಿದುಳಿನ ಸಂಶೋಧನೆ ಮಾಡುವ ಮೇಡಂ ಒಬ್ಬರ ಕೋಣೆಗೂ ಹೋಗುತ್ತಿದ್ದಳು. ಅಲ್ಲಿ ಅವಳ ಕೆಲಸ ರೋಗಿಗಳು ನಡೆಯುವುದನ್ನು ನೋಡುವುದು. ನನ್ನ ಮೈದುನನಿಗೆ ಇದು ನಗೆಪಾಟಲು. "ಮಂದಿ ಹೆಂಗ ನಡೀತಾರಂತ ನೋಡಾಕ ಡಾಕ್ಟರಿಕಿ ಯಾಕ ಬೇಕವ್ವಾ? ನಮ್ಮ ಕಟ್ಟಿ ಮ್ಯಾಲ ಕುಂತಿದ್ರ ಸಾಕಾಗಿತ್ತು" ಎನ್ನುತ್ತಿದ್ದ.

ಒಂದು ರವಿವಾರ ಅವಳು ಮನೆಗೆ ಬಂದಿದ್ದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ನಿಮ್ಮ ಅಜ್ಜ ಅಡುಗೆಮನೆಯ ಹೊಸ್ತಿಲಲ್ಲಿ ಸಿಕ್ಕಿಕೊಂಡರು. ಹಿಟ್ಟಿನ ಕೈಯಲ್ಲೇ ಏಳಹೋದೆ.

"ಏಳಬ್ಯಾಡ ಯವ್ವಾ, ನೀ ಬಡಿ" ಎಂದಳು ಗಿರಿಜಾ.

ಬಡಿದೆ. ಅವರ ಬಲಗಾಲು ಎದ್ದಿತು, ಎಡಗಾಲೂ ಬಂತು. ನಿಲ್ಲಿಸು ಎಂದಳು; ಅವರೂ ನಿಂತರು. ಮತ್ತೆ ಬಡಿದಾಗ ನಡೆದು ಬಂದು ಒಲೆಯ ಮುಂದೆ ಕುಳಿತರು.

"ಹಸದಾರವ್ವಾ, ರೊಟ್ಟಿ ವಾಸನಿಗೆ ಬಂದ್ರು" ಎಂದೆ. ಬಹಳ ದಿನ ನಾನು ಹಾಗೇ ನಂಬಿದ್ದೆ.

"ಹಸಿವಿ ಅಲ್ಲ, ಏನಲ್ಲ. ಅವ್ವ ಮಗಳು ಕೂಡಿ ನನ್ನ ಕುಣಿಸಾಕತ್ತೀರಿ" ಎಂದರು ಅವರು.

ಗಿರಿಜಾ ನಗಲಿಲ್ಲ. "ತಾನಾಗೇ ಹೆಜ್ಜಿ ಹಾಕ್ಸೋ ಜಾಗ ಮಿದುಳಿನಾಗ ದಣದದ ಯವ್ವಾ. ಹೊರಗಿಂದ ತಾಳ ಸಿಕ್ರ ಕಾಲು ಅದನ್ನ ಹಿಡ್ಕೊಂಡು ಬರ್ತದ. ಇದನ್ನ ದೊಡ್ಡ ದೊಡ್ಡ ಡಾಕ್ಟರು ಮೊದ್ಲ ಕಂಡ್ಕೊಂಡಾರ, ಟಿಕ್ ಟಿಕ್ ಅನ್ನೋ ಯಂತ್ರ ಇಡ್ತಾರ. ನಮ್ಮ ಕಡಿ ಮಂದಿ ರೊಟ್ಟಿ ಸದ್ದಿಗೂ ನಡೀತಾರೇನು, ಅದನ್ನ ನೋಡಬೇಕು."

ಮೇಡಂ ನನ್ನನ್ನೇ ರಾಯಚೂರಿಗೆ ಕರೆಸಿದರು. ಹಿಟ್ಟು ನಾದಿ ಕುಳಿತರೆ ಸುತ್ತ ಬಿಳಿ ಕೋಟಿನ ಹುಡುಗರು. ನನ್ನ ರೊಟ್ಟಿ ಹರಿಯಿತು. ಇನ್ನೊಂದೂ ಹರಿಯಿತು. ಹೊಸ ಸೊಸೆಯಾಗಿ ಬಂದಾಗ ಅತ್ತೆಯೆದುರೂ ಹರಿಯದಿದ್ದ ರೊಟ್ಟಿ! ಕಡೆಗೆ ಗಿರಿಜಾ ಮನೆಯಲ್ಲೇ, ನನಗೆ ಗೊತ್ತಾಗದ ಹಾಗೆ ಹಿಟ್ಟಿನ ಡಬ್ಬಿಯ ಹಿಂದೆ ಮೊಬೈಲು ಇಟ್ಟು ಸದ್ದು ಹಿಡಿದಳು. ನೀವು ಕೇಳಿದ್ದು ಅದೇ.

ಓದು ಮುಗಿಯುವ ಹೊತ್ತಿಗೆ ಮೇಡಂ ಅವಳಿಗೆ, ದೂರದ ಊರಿಗೆ ಹೋಗಿ ಡಾಕ್ಟರೇಟ್ ಮಾಡು, ಪೂರಾ ಸಂಶೋಧನೆಗೇ ಬಾ ಎಂದರು. ಮೈದುನ, ಸಂಶೋಧನೆ ಬಿಟ್ಟು ದವಾಖಾನೆ ಹಾಕು ಎಂದ. ಅವಳು ಇಬ್ಬರ ಮಾತನ್ನೂ ಕೇಳಲಿಲ್ಲ. ರೋಗಿಗಳನ್ನೂ ನೋಡುತ್ತೇನೆ, ಸಂಶೋಧನೆಯನ್ನೂ ಮಾಡುತ್ತೇನೆ, ಡಾಕ್ಟರೇಟ್ ಬೇಡ ಎಂದಳು. ಮೈದುನ ಒದರಾಡಿದ. ನಿಮ್ಮ ಅಜ್ಜ ಮೂಲೆಯಿಂದ, "ಒಂದ ಕಾಲಾಗ ಭತ್ತ ಸರಿಸಾಕ ಬರ್ತದೇನೋ ತಮ್ಮಾ?" ಎಂದರು. ಅಲ್ಲಿಗೆ ಮನೆಯೊಳಗೆ ಆ ಮಾತು ಮುಗಿಯಿತು.

ನನ್ನೊಳಗೆ ಮುಗಿಯಲಿಲ್ಲ. ಹೊಸ್ತಿಲಲ್ಲಿ ನಿಂತ ಅಪ್ಪ, ಅಂಜುಬುರುಕಿ ಅವ್ವ. ನಮ್ಮಿಬ್ಬರಿಗಾಗಿ ಅವಳು ಹೋಗದೆ ಉಳಿದಳೇ? ಅವರು ತೀರಿಕೊಂಡರು, ನೀವಿಬ್ಬರೂ ಹುಟ್ಟಿದಿರಿ, ಪ್ರಶ್ನೆ ಮಾತ್ರ ಉಳಿದೇ ಇತ್ತು. ಕೇಳಲು ಬಾಯಿ ಬರುತ್ತಿರಲಿಲ್ಲ.

ಹೋದ ವಾರ ಅವಳು ರೋಗಿಗಳನ್ನು ನೋಡಲು ದೇವದುರ್ಗಕ್ಕೆ ಹೊರಟಾಗ ನಾನೂ ಹೋದೆ. ಗೂಗಲ್ ಎಂಬ ಹಳ್ಳಿಯಿಂದ ಬಂದ ಮುದುಕಿಯೊಬ್ಬಳು ಬಾಗಿಲಲ್ಲೇ ನಿಂತುಬಿಟ್ಟಳು. ಮಗ ರಟ್ಟೆ ಹಿಡಿದು ಎಳೆಯುತ್ತಿದ್ದ. ಗಿರಿಜಾ ಅವನನ್ನು ತಡೆದು ಫೋನಿನಲ್ಲಿ ನನ್ನ ರೊಟ್ಟಿಯ ಸದ್ದು ಹಚ್ಚಿದಳು. ಮುದುಕಿಯ ಕಾಲು ಎದ್ದಿತು. ಆ ಸದ್ದಿಗೆ ಒಂದೊಂದೇ ಹೆಜ್ಜೆ ಇಡುತ್ತ ಒಳಗೆ ಬಂದು ಕುಳಿತು, "ಯಾರ್ರೀ ಆಕಿ? ಕೈ ಭಾಳ ಹಗುರ ಅದ" ಎಂದಳು. ನಾನು ಗೋಡೆಯ ಕಡೆ ತಿರುಗಿಕೊಂಡೆ.

ವಾಪಸು ಬರುವಾಗ ಕಾರಿನಲ್ಲಿ ಕೇಳಿಯೇಬಿಟ್ಟೆ: "ನಮ್ಮ ಸಲುವಾಗಿ ಆ ದೊಡ್ಡ ಓದು ಬಿಟ್ಟೇನವ್ವಾ?"

"ಇದನ್ನ ಇಷ್ಟು ವರ್ಷ ಹೊಟ್ಟ್ಯಾಗ ಇಟ್ಕೊಂಡಿದ್ದೇನು?" ಎಂದಳು. "ನನ್ನ ಆಸೆಬುರುಕತನಕ್ಕ ಬಿಟ್ಟೆ ಯವ್ವಾ. ಅಲ್ಲಿ ಹೋಗಿದ್ರ ಪ್ರಶ್ನಿ ಅಷ್ಟ ಸಿಗ್ತಿತ್ತು. ಅಪ್ಪ ಹೊಸ್ತಿಲ ದಾಟಿ ಬಂದು ಉಂಡಿದ್ದು ನೋಡಿದ್ನಲ್ಲ, ಅದೂ ಬೇಕಾಗಿತ್ತು ನನಗ" ಎಂದಳು.

ಇವತ್ತು ರೊಟ್ಟಿ ಬಡಿಯುವಾಗ ನನ್ನ ಕೈ ನನಗೂ ಹಗುರ ಎನಿಸಿತು.

ನಿನ್ನೆ ನೀವು ನಗುತ್ತ ಆ ಸದ್ದನ್ನು ಅರ್ಧಕ್ಕೇ ನಿಲ್ಲಿಸಿಬಿಟ್ಟಿರಿ. ಇನ್ನೊಮ್ಮೆ ಹಚ್ಚಿ, ಕೊನೆಯವರೆಗೆ ಕೇಳಿರಿ. ಬಡಿತ ನಿಂತ ಮೇಲೆ ಬಳೆಯ ಸದ್ದು ಬರುತ್ತದೆ, ಆಮೇಲೆ ಒಂದು ದನಿ: "ಬಂದೆ ಬೇ, ಹಾಕು." ಅವರೇ ನಿಮ್ಮ ಅಜ್ಜ. ಅವರ ದನಿ ಫೋನಿನಲ್ಲಿ ಉಳಿದಿದೆ. ಭತ್ತದೊಳಗೆ ನಡೆದ ಕಾಲುಗಳು ಈ ಹಾಳೆಗಳಲ್ಲಿ ಮಾತ್ರ ಇವೆ. ನನ್ನ ಹಿಟ್ಟಿನ ಕೈ ತಾಗದ ಕಡೆ ಜೋಪಾನವಾಗಿ ಇಡಿರಿ.